ಗೇರುಸೊಪ್ಪೆ: ಲಕ್ಷ ಮನೆಗಳ ಊರು ಎಲ್ಲಿ ಹೋಯ್ತು?

ನಿಗೂಢ ಅನ್ನೋ ಪದಕ್ಕೆ ಟಿವಿಯಲ್ಲಿ ಯಾವತ್ತೂ ಬೇಡಿಕೆ ಕಮ್ಮಿಯಾಗಲ್ಲ. ಬರ್ಮುಡಾ ಟ್ರಯಾಂಗಲ್‌ನಲ್ಲಿ ಹಡಗು ಮಾಯ ಆಯ್ತು ಅಂದ್ರೆ ಜನ ಕೂತು ನೋಡ್ತಾರೆ. ಪೆರು ದೇಶದ ನಾಸ್ಕಾ ಬಯಲಿನ ಗೆರೆಗಳು, ಈಸ್ಟರ್ ದ್ವೀಪದ ಕಲ್ಲಿನ ಮುಖಗಳು, ಇವೆಲ್ಲ ಎಷ್ಟು ಸಲ ತೋರಿಸಿದರೂ ಹಳೇದಾಗಲ್ಲ. ಆದರೆ ವೀಕ್ಷಕರೇ, ಇವತ್ತು ನಾನು ನಿಮ್ಮನ್ನ ಅಷ್ಟು ದೂರ ಕರ್ಕೊಂಡು ಹೋಗಲ್ಲ. ಹೊನ್ನಾವರದಿಂದ ಜೋಗದ ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರ್. ಅಷ್ಟೇ ದೂರ.

ಅಲ್ಲಿಗೆ ಹೋಗೋ ಮೊದಲು ಅಮೆರಿಕದ ಒಂದು ಕಥೆ ಹೇಳಿಬಿಡ್ತೀನಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

1587ರಲ್ಲಿ ಇಂಗ್ಲೆಂಡಿನಿಂದ ನೂರಕ್ಕೂ ಹೆಚ್ಚು ಜನ, ಹೆಂಗಸರು ಮಕ್ಕಳ ಸಮೇತ, ಅಮೆರಿಕದ ಪೂರ್ವ ಕರಾವಳಿಯ ರೋನೋಕ್ ಅನ್ನೋ ದ್ವೀಪಕ್ಕೆ ಹೋಗಿ ಊರು ಕಟ್ಟಿದರು. ಅವರ ಮುಖ್ಯಸ್ಥ ಜಾನ್ ವೈಟ್. ದವಸ ಧಾನ್ಯ ಸಾಲದು ಅಂತ ಆತ ಇಂಗ್ಲೆಂಡಿಗೆ ವಾಪಸ್ ಹೊರಟ. ಹೊರಡೋ ಕೆಲವೇ ದಿನ ಮೊದಲು ಅವನಿಗೆ ಮೊಮ್ಮಗಳು ಹುಟ್ಟಿದ್ದಳು. ಆಗ ಸ್ಪೇನ್ ಜೊತೆ ಯುದ್ಧ ನಡೀತಾ ಇತ್ತು, ಹಡಗು ಸಿಗಲಿಲ್ಲ. ಮೂರು ವರ್ಷ ಬಿಟ್ಟು, 1590ರ ಆಗಸ್ಟ್‌ನಲ್ಲಿ ಆತ ಮರಳಿ ಬಂದಾಗ ಊರಲ್ಲಿ ಒಬ್ಬರೂ ಇರಲಿಲ್ಲ. ಮಗಳಿಲ್ಲ, ಮೊಮ್ಮಗಳಿಲ್ಲ. ಒಂದು ಕಂಬದ ಮೇಲೆ ಕ್ರೋಟೋಯನ್ ಅಂತ ಕೆತ್ತಿದ ಒಂದೇ ಒಂದು ಪದ. ಅದು ಹತ್ತಿರದ ಇನ್ನೊಂದು ದ್ವೀಪದ ಹೆಸರು. ಅಷ್ಟೇ ಸುಳಿವು. ಆ ಊರಿನ ಮೇಲೆ ನಾನೂರು ವರ್ಷದಿಂದ ಪುಸ್ತಕ, ಸಿನಿಮಾ, ಧಾರಾವಾಹಿ ಬರ್ತಾನೇ ಇವೆ.

ಈಗ ಗಮನಿಸಿ. ಜಾನ್ ವೈಟ್ ಆ ಕಂಬದ ಮುಂದೆ ನಿಂತಿದ್ದ ದಿನ, ನಮ್ಮ ಶರಾವತಿ ದಡದಲ್ಲಿ ಒಂದು ದೊಡ್ಡ ಪೇಟೆ ನಡೀತಾ ಇತ್ತು. ಘಟ್ಟದ ಮೇಲಿನಿಂದ ಎತ್ತಿನ ಮೇಲೆ ಹೇರಿಕೊಂಡು ಬಂದ ಕಾಳುಮೆಣಸು ಅಲ್ಲಿ ದೋಣಿಗೆ ಏರುತ್ತಿತ್ತು. ದೋಣಿ ಹೊನ್ನಾವರಕ್ಕೆ, ಅಲ್ಲಿಂದ ಹಡಗು ಸಮುದ್ರಕ್ಕೆ. ಆ ಊರಿಗೆ ಒಬ್ಬ ರಾಣಿ ಇದ್ದಳು. ಇಂಗ್ಲೆಂಡನ್ನ ಆಗ ಆಳ್ತಿದ್ದ ಮೊದಲನೇ ಎಲಿಜಬೆತ್ ಗದ್ದುಗೆ ಮೇಲೆ ಕೂತಿದ್ದು 44 ವರ್ಷ. ನಮ್ಮ ರಾಣಿ ಆಳಿದ್ದು 1552ರಿಂದ 1606ರವರೆಗೆ, 54 ವರ್ಷ. ಹೆಸರು ಚೆನ್ನಭೈರಾದೇವಿ. ಊರು ಗೇರುಸೊಪ್ಪೆ.

ಆ ಊರೂ ಮಾಯವಾಯ್ತು. ರೋನೋಕ್ ಎಷ್ಟು ಜನರ ಊರು? ನೂರು ಚಿಲ್ಲರೆ. ಗೇರುಸೊಪ್ಪೆ ಒಂದು ರಾಜ್ಯದ ರಾಜಧಾನಿ. ನಮ್ಮಲ್ಲಿ ಎಷ್ಟು ಜನಕ್ಕೆ ರೋನೋಕ್ ಗೊತ್ತು, ಎಷ್ಟು ಜನಕ್ಕೆ ಗೇರುಸೊಪ್ಪೆ ಗೊತ್ತು? ಹೆಚ್ಚಿನವರಿಗೆ ಗೇರುಸೊಪ್ಪೆ ಅಂದ್ರೆ ಡ್ಯಾಮು, ಘಟ್ಟದ ತಿರುವು, ವಾಂತಿ ಬರೋ ಮೊದಲು ನಿಂಬೆಹಣ್ಣು ಹಿಡ್ಕೋಬೇಕಾದ ಜಾಗ. ಇತ್ತೀಚೆಗೆ ಸುದ್ದಿಯಲ್ಲಿ ಬಂದರೆ ಅದು 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳದಲ್ಲಿ. ಆ ಚರ್ಚೆ ಬೇರೆ. ರಾಣಿಯ ಹೆಸರು ಅದರಲ್ಲಿ ಬರೋದೇ ಇಲ್ಲ.

ಇವತ್ತು ಅಲ್ಲಿ ಏನಿದೆ? ನದಿಯ ದಡದಲ್ಲಿ, ನಗರಬಸ್ತಿಕೇರಿ ಅನ್ನೋ ಜಾಗದಲ್ಲಿ, ಕಾಡಿನ ಮಧ್ಯೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ಜಿನಬಿಂಬಗಳು. ಯಾವ ಬಾಗಿಲಿನಿಂದ ಬಂದರೂ ಮೂರ್ತಿ ನಿಮ್ಮನ್ನೇ ನೋಡುತ್ತೆ. ಅಲ್ಲೇ ಆಸುಪಾಸಿನಲ್ಲಿ ಪಾರ್ಶ್ವನಾಥ, ನೇಮಿನಾಥರ ಬಸದಿಗಳು, ವೀರಭದ್ರನ ಗುಡಿ, ಇಂದಿಗೂ ಪೂಜೆ ನಡೆಯೋ ಜ್ವಾಲಾಮಾಲಿನಿ ಅಮ್ಮನವರ ದೇವಸ್ಥಾನ. ಶಾಸನದ ಕಲ್ಲುಗಳು. ಆದರೆ ಮನೆಗಳಿಲ್ಲ. ಅರಮನೆ ಇಲ್ಲ. ಪೇಟೆ ಬೀದಿ ಇಲ್ಲ. ದೇವರಿದ್ದಾರೆ, ಊರಿಲ್ಲ!

ಸಹಜವಾಗಿ ಕಥೆ ಹುಟ್ಟುತ್ತೆ. ಆ ಕಾಲದಲ್ಲಿ ಗೇರುಸೊಪ್ಪೆಯಲ್ಲಿ ಲಕ್ಷ ಮನೆ, 84 ದೇವಸ್ಥಾನ ಇದ್ವಂತೆ. ಬ್ರಿಟಿಷರ ಕಾಲದ ಗೆಜೆಟಿಯರ್ ಕೂಡ ಈ ಮಾತನ್ನ ಜನರ ಬಾಯಿಂದ ಕೇಳಿ ಬರ್ಕೊಂಡಿದೆ. ಲಕ್ಷ ಮನೆಗಳು ಒಮ್ಮೆಲೇ ಎಲ್ಲಿ ಹೋದವು? ಶಾಪವಾ? ನದಿ ನುಂಗಿತಾ? ರಾಣಿ ಸುರಂಗದಲ್ಲಿ ಹೋಗಿಬಿಟ್ಟಳಾ? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಸಂಖ್ಯೆ ಕಂಡರೆ ಕೈ ಸುಮ್ಮನಿರಲ್ಲ. ಲಕ್ಷ ಮನೆ ಅಂದ್ರೆ ಮನೆಗೆ ಐದು ಜನ ಹಿಡಿದರೂ ಐದು ಲಕ್ಷ ಜನ. 1600ರ ಸುಮಾರಿಗೆ ಲಂಡನ್ ನಗರದ ಜನಸಂಖ್ಯೆಯೇ ಸುಮಾರು ಎರಡು ಲಕ್ಷ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಅಂತ ಇಟ್ಕೊಳ್ಳಿ, ಐದು ಲಕ್ಷ ಜನಕ್ಕೆ ದಿನಕ್ಕೆ 250 ಟನ್ ಅಕ್ಕಿ ಬೇಕು. ಒಂದು ಹೇರೆತ್ತು ನೂರು ಕಿಲೋ ಹೊತ್ತರೆ ದಿನಾ 2,500 ಎತ್ತುಗಳು ಅಕ್ಕಿ ಹೊತ್ತು ಬರಬೇಕು, ಅದೂ ಘಟ್ಟದ ಬುಡದ ಈ ಕಿರಿದಾದ ಕಣಿವೆಗೆ, ಮಳೆಗಾಲದಲ್ಲೂ. ಆಗೋ ಮಾತಲ್ಲ. 84 ಅನ್ನೋ ಸಂಖ್ಯೆಯೂ ಹಾಗೇ. 84 ಲಕ್ಷ ಜೀವರಾಶಿ ಅಂತೀವಲ್ಲ, ಅದು ಎಣಿಸಿ ಹೇಳಿದ್ದಲ್ಲ. ಬಹಳ ಇತ್ತು ಅನ್ನೋದಕ್ಕೆ ನಮ್ಮ ಹಿರಿಯರು ಇಟ್ಟ ಸಂಖ್ಯೆ ಅದು. ಅಂದ್ರೆ ಲಕ್ಷ ಮನೆಗಳು ಮಾಯವಾಗಲಿಲ್ಲ. ಲಕ್ಷ ಮನೆ ಇರಲೇ ಇಲ್ಲ. ಒಂದು ಶ್ರೀಮಂತ ವ್ಯಾಪಾರಿ ಪಟ್ಟಣ ಇತ್ತು, ಅದು ಹೋಯ್ತು. ಕಳ್ಕೊಂಡವರ ನೆನಪಿನಲ್ಲಿ ಅದು ಲಕ್ಷ ಮನೆಯಾಗಿ ಬೆಳೀತು.

ಹಾಗಾದ್ರೆ ಆ ಪಟ್ಟಣ ಹೋಗಿದ್ದು ಹೇಗೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಗೇರುಸೊಪ್ಪೆಗೆ ಶಾಸನಗಳಲ್ಲಿ ನಗಿರೆ ಅಂತ ಹೆಸರು. ಅಲ್ಲಿ ಆಳುತ್ತಿದ್ದವರು ಜೈನ ಸಾಳುವ ಮನೆತನದವರು, ವಿಜಯನಗರದ ಸಾಮಂತರು. ಅದೇ ಮನೆತನದ ಇನ್ನೊಂದು ನೆಲೆ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಹಳೇ ಹೆಸರು ಸಂಗೀತಪುರ. ಅಳಿಯಸಂತಾನದ ಪದ್ಧತಿ. ಹೆಣ್ಣಿನ ಕಡೆಯಿಂದ ಹಕ್ಕು ಹೋಗುತ್ತಿದ್ದ ಮನೆ. ಹಾಗಾಗಿ ಗದ್ದುಗೆ ಮೇಲೆ ಹೆಣ್ಣು ಕೂತರೆ ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಇನ್ನೊಂದು ಮಾತು. ಇದಕ್ಕೂ ಇನ್ನೂರು ವರ್ಷ ಹಿಂದೆ, 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಆ ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವು ಅಂತ ಬರೆದಿಟ್ಟಿದ್ದಾನೆ. ಇಂಥ ಕರಾವಳಿ ಇದು.

ಭಟ್ಕಳ ಆಗ ಎಂಥ ಬಂದರು! ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆ ಇಳೀತಿದ್ದ ಬಂದರುಗಳಲ್ಲಿ ಅದೂ ಒಂದು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹೋಗ್ತಿತ್ತು. ಇದರ ಮೇಲೆ ಕಣ್ಣು ಹಾಕಿದವರು ಪೋರ್ಚುಗೀಸರು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದಾಗಲೇ ಭಟ್ಕಳದ ಮೇಲೆ ದಾಳಿ ಮಾಡಿ ಕಪ್ಪ ಕೊಡೋಕೆ ಒಪ್ಪಿಸಿದ. 1542ರಲ್ಲಿ ಗೋವೆಯ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೌಜಾ ಬಂದು ಊರನ್ನೇ ಸೂರೆ ಮಾಡಿದ. ಇದಾಗಿ ಹತ್ತು ವರ್ಷಕ್ಕೆ ಚೆನ್ನಭೈರಾದೇವಿ ಗದ್ದುಗೆ ಏರಿದ್ದು. ಅಂದ್ರೆ ಆಕೆಗೆ ಸಿಕ್ಕಿದ್ದು ಹೂವಿನ ಹಾಸಿಗೆ ಅಲ್ಲ, ಸುಟ್ಟ ಬಂದರು.

1565ರಲ್ಲಿ ರಕ್ಕಸ-ತಂಗಡಿ ಯುದ್ಧ. ವಿಜಯನಗರವೇ ನೆಲಕಚ್ಚಿತು. ಹಿಂದೆ ನಿಲ್ಲುತ್ತಿದ್ದ ದೊಡ್ಡ ಮರವೇ ಬಿತ್ತು. ನಾಲ್ಕೇ ವರ್ಷಕ್ಕೆ, 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆ ಹಿಡಿದರು. ನದಿಯ ಬಾಯಿಯೇ ಅವರ ಕೈಗೆ ಹೋಯ್ತು. ರಾಣಿ ಸುಮ್ಮನೆ ಕೂತಳಾ? ಇಲ್ಲ. 1570ರಲ್ಲಿ ಬಿಜಾಪುರದ ಆದಿಲ್ ಶಾಹ ಗೋವಾ ಮೇಲೆ, ಅಹಮದ್‌ನಗರದ ನಿಜಾಮ್ ಶಾಹ ಚೌಲ್ ಮೇಲೆ, ಕಲ್ಲಿಕೋಟೆಯ ಜಾಮೊರಿನ್ ಮಲಬಾರಿನಲ್ಲಿ, ಹೀಗೆ ಎಲ್ಲ ಒಟ್ಟಾಗಿ ಪೋರ್ಚುಗೀಸರ ಮೇಲೆ ಬಿದ್ದಾಗ, ಹೊನ್ನಾವರಕ್ಕೆ ಮುತ್ತಿಗೆ ಹಾಕಿದ್ದು ಗೇರುಸೊಪ್ಪೆಯ ಸೈನ್ಯ. ಗೋವಾದಿಂದ ನೆರವು ಬಂದು ಕೋಟೆ ಉಳೀತು. ಕೋಟೆ ವಾಪಸ್ ಸಿಗದೇ ಹೋದರೂ ರಾಜ್ಯ ಉಳಿಸಿಕೊಂಡಳು. ಯಾಕೆ ಉಳೀತು? ಅವರಿಗೆ ಬೇಕಾದ ಮೆಣಸು ಇವಳ ಕೈಯಲ್ಲಿತ್ತು. ಕೋಟೆ ಹಿಡಿದವರು ಮೆಣಸಿನ ಬಳ್ಳಿ ಹಿಡಿಯೋಕಾಗಲ್ಲ. ಅದಕ್ಕೇ ಅವರೇ ಆಕೆಯನ್ನ ಕಾಳುಮೆಣಸಿನ ರಾಣಿ ಅಂತ ಕರೆದರು.

ಇನ್ನು ಕೊನೆಯ ಅಧ್ಯಾಯ. ಘಟ್ಟದ ಮೇಲೆ ಇಕ್ಕೇರಿಯಲ್ಲಿ ಕೆಳದಿ ಅರಸರು ಬೆಳೀತಿದ್ದರು. ವೆಂಕಟಪ್ಪ ನಾಯಕ, ಗಟ್ಟಿಗ ಅರಸ. ಘಟ್ಟದ ಮೇಲೆ ರಾಜ್ಯ ಇದ್ದರೂ ಸಮುದ್ರ ಇಲ್ಲದೆ ಹಣ ಇಲ್ಲ ಅಂತ ಗೊತ್ತಿದ್ದವನು. 1606ರಲ್ಲಿ ಗೇರುಸೊಪ್ಪೆ ಅವನ ಕೈಗೆ ಹೋಯ್ತು.

ಇದಾಗಿ 17 ವರ್ಷಕ್ಕೆ, 1623ರಲ್ಲಿ, ಪಿಯಟ್ರೋ ಡೆಲ್ಲಾ ವಲ್ಲೆ ಅನ್ನೋ ಇಟಲಿಯ ಪ್ರವಾಸಿ ಗೋವಾದಿಂದ ಹೊನ್ನಾವರಕ್ಕೆ ಬಂದ. ಪೋರ್ಚುಗೀಸ್ ರಾಯಭಾರಿ ವೆಂಕಟಪ್ಪ ನಾಯಕನನ್ನ ಕಾಣೋಕೆ ಇಕ್ಕೇರಿಗೆ ಹೊರಟಿದ್ದ, ಇವನು ಅವನ ಜೊತೆ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ಮೇಲೆ ಗೇರುಸೊಪ್ಪೆಗೆ ಬಂದಿಳಿದ. ಅವನು ಕಂಡಿದ್ದೇನು ಗೊತ್ತಾ? ಮನೆಗಳು ಬಿದ್ದ ಜಾಗದ ಮೇಲೆ ಮರ ಬೆಳೆದು ನಿಂತಿವೆ. ಇತ್ತೀಚಿನವರೆಗೆ ಮೆರೆದಿದ್ದ ರಾಜಧಾನಿ ಕಾಡಾಗಿದೆ. ಉಳಿದಿರೋದು ರೈತರ ನಾಲ್ಕು ಗುಡಿಸಲು.

ಯಾಕೆ ಹೀಗಾಯ್ತು ಅಂತಲೂ ಬರೆದಿದ್ದಾನೆ. ಅವನು ಕೇಳಿದ ಕಥೆ ಹೀಗಿದೆ. ಕೊನೆಯ ರಾಣಿ ಹೊರಗಿನಿಂದ ಬಂದ, ದೊಡ್ಡ ಮನೆತನದವನಲ್ಲದ ಒಬ್ಬನನ್ನ ಮೆಚ್ಚಿ ರಾಜ್ಯವನ್ನೇ ಅವನ ಕೈಗೆ ಕೊಟ್ಟಳು. ಅವನು ಅವಳ ಮೇಲೇ ತಿರುಗಿಬಿದ್ದ. ರಾಣಿ ಪೋರ್ಚುಗೀಸರ ನೆರವು ಕೇಳಿದಳು. ಅವರು ಬರಲಿಲ್ಲ. ಮಿತ್ರರಿಗೆ ಕೈ ಕೊಡೋದು ಅವರ ಹಳೇ ಚಾಳಿ ಅಂತ ಡೆಲ್ಲಾ ವಲ್ಲೆಯೇ ಚುಚ್ಚಿದ್ದಾನೆ. ಈ ಒಳಜಗಳದಲ್ಲಿ ವೆಂಕಟಪ್ಪ ನಾಯಕ ಒಳಗೆ ಬಂದು ಯಾರಿಗೂ ಬಿಡದೆ ರಾಜ್ಯವನ್ನ ತಾನೇ ಹಿಡಿದ. ದ್ರೋಹಿ ಸತ್ತ. ರಾಣಿ ಸೆರೆಯಾದಳು, ಗೌರವದ ಸೆರೆಯಲ್ಲೇ ಕೊನೆ ಉಸಿರೆಳೆದಳು. ಆಮೇಲೆ ಮುಂದೆ ಯಾರೂ ಇಲ್ಲಿ ಮತ್ತೆ ತಲೆ ಎತ್ತಬಾರದು ಅಂತ ಊರನ್ನೂ ಅರಮನೆಯನ್ನೂ ಕೆಡವಿಸಲಾಯ್ತು.

ಅಲ್ಲಿಗೆ ನಿಗೂಢ ಮುಗೀತು. ಶಾಪ ಅಲ್ಲ, ನದಿ ನುಂಗಿದ್ದಲ್ಲ. ಆಜ್ಞೆ ಕೊಟ್ಟು ಕೆಡವಿದ್ದು.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಬರೀ 17 ವರ್ಷದಲ್ಲಿ ರಾಜಧಾನಿ ಕಾಡಾಗೋದು ಸಾಧ್ಯವಾ? ಇದಕ್ಕೆ ಉತ್ತರ ಹೊನ್ನಾವರ, ಕುಮಟಾ ಕಡೆಯ ಯಾರನ್ನ ಕೇಳಿದರೂ ಹೇಳ್ತಾರೆ. ಬೀಗ ಹಾಕಿ ಬೆಂಗಳೂರಿಗೆ ಹೋದವರ ಮನೆ ನೋಡಿ. ಮೊದಲ ಮಳೆಗಾಲಕ್ಕೆ ನಾಲ್ಕು ಹಂಚು ಜಾರುತ್ತೆ. ಎರಡನೇ ಮಳೆಗಾಲಕ್ಕೆ ರೀಪು, ಪಕಾಸಿ ಕೊಳೆಯುತ್ತೆ. ಮೂರನೇ ವರ್ಷ ಮಣ್ಣಿನ ಗೋಡೆ ಕರಗೋಕೆ ಶುರು. ಉಳಿದ ಮರವನ್ನ ಒರಲೆ ನೋಡ್ಕೊಳ್ಳುತ್ತೆ. ಹಕ್ಕಿ ಉದುರಿಸಿದ ಆಲ, ಅತ್ತಿ ಬೀಜ ಗೋಡೆಯ ಬಿರುಕಿನಲ್ಲಿ ಬೇರು ಬಿಡುತ್ತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳೋ ಜಾಗ ಇದು. ಆ ಕಾಲದ ಮನೆ ಅಂದ್ರೆ ಮಣ್ಣು, ಮರ, ಸೋಗೆ. ರೋಮ್‌ನಲ್ಲೋ ಹಂಪಿಯಲ್ಲೋ ಉಳಿದ ಹಾಗೆ ಇಲ್ಲಿ ಉಳಿಯೋಕೆ ಸಾಧ್ಯವೇ ಇಲ್ಲ. ಉಳಿದಿದ್ದು ಕಲ್ಲಲ್ಲಿ ಕಟ್ಟಿದ್ದು ಮಾತ್ರ. ಕಲ್ಲಲ್ಲಿ ಕಟ್ಟಿದ್ದು ದೇವರ ಮನೆ ಮಾತ್ರ. ದೇವರಿದ್ದಾರೆ, ಊರಿಲ್ಲ ಅನ್ನೋ ಒಗಟಿನ ಉತ್ತರ ಇಷ್ಟೇ.

ಯುದ್ಧದಲ್ಲಿ ಹಾಳಾದ ಊರುಗಳು ಮತ್ತೆ ಎದ್ದಿಲ್ವಾ? ಎದ್ದಿವೆ. ಭಟ್ಕಳವೇ ಎದ್ದಿತು. 1637ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಬಂದು ಕೋಠಿ ತೆರೆಯೋಕೆ ಕೆಳದಿ ಅರಸರ ಅಪ್ಪಣೆ ಪಡೆದರು. ಭಟ್ಕಳಕ್ಕೆ ಸಮುದ್ರ ಇತ್ತು. ಗೇರುಸೊಪ್ಪೆಗೆ ಇದ್ದಿದ್ದು ರಾಣಿಯ ಆಸ್ಥಾನ ಮತ್ತು ಅವಳ ಮೆಣಸಿನ ಕಟ್ಟೆ. ಆಸ್ಥಾನ ಇಕ್ಕೇರಿಗೆ ಹೋಯ್ತು, ಲೆಕ್ಕದ ಪುಸ್ತಕವೂ ಅಲ್ಲಿಗೇ ಹೋಯ್ತು. ಸೆಟ್ಟರು ಹಣ ಇದ್ದ ಕಡೆ ಹೋದರು. ರಾಣಿಗೆ ನೆರವು ಕೊಡದ ಪೋರ್ಚುಗೀಸರು ಮೆಣಸಿಗಾಗಿ ಅದೇ ವೆಂಕಟಪ್ಪ ನಾಯಕನ ಬಾಗಿಲಿಗೆ ರಾಯಭಾರಿ ಕಳಿಸಬೇಕಾಯ್ತು. ಡೆಲ್ಲಾ ವಲ್ಲೆ ಬಂದಿದ್ದೇ ಆ ದಾರಿಯಲ್ಲಿ.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಆ ಪ್ರೇಮಕಥೆಯನ್ನ ಎಷ್ಟು ನಂಬಬೇಕು? ಡೆಲ್ಲಾ ವಲ್ಲೆ ಸುಳ್ಳು ಹೇಳಿದ ಅಂತ ನಾನು ಹೇಳಲ್ಲ. ಅವನು ರಾಣಿಯನ್ನ ಬೈದಿಲ್ಲ ಕೂಡ. ಈ ನಾಡಿನಲ್ಲಿ ಸ್ವತಂತ್ರ ರಾಣಿಯರಿಗೆ ತಮಗೆ ಬೇಕಾದವರನ್ನ ಆರಿಸಿಕೊಳ್ಳೋ ಹಕ್ಕಿದೆ, ಅದರಲ್ಲಿ ಅವಳ ಮಾನಕ್ಕೆ ಕುಂದಿಲ್ಲ ಅಂತಲೇ ಬರೆದಿದ್ದಾನೆ. ಆದರೆ ಅವನು ಯಾರ ಜೊತೆ ಬಂದಿದ್ದ? ಅವಳ ಕೈ ಬಿಟ್ಟವರ ಜೊತೆ. ಯಾರ ಆಸ್ಥಾನಕ್ಕೆ ಹೊರಟಿದ್ದ? ಅವಳನ್ನ ಸೆರೆ ಹಿಡಿದವನ ಆಸ್ಥಾನಕ್ಕೆ. ಇಬ್ಬರಿಗೂ ಈ ಕಥೆ ಅನುಕೂಲ. ಪ್ರೀತಿಯಿಂದ ಹಾಳಾದಳು ಅಂದುಬಿಟ್ಟರೆ ನಾವು ನೆರವು ಕೊಡಲಿಲ್ಲ ಅನ್ನೋದೂ ಮರೆಯಾಗುತ್ತೆ, ನಾವು ರಾಜ್ಯ ಕಿತ್ಕೊಂಡ್ವಿ ಅನ್ನೋದೂ ಮರೆಯಾಗುತ್ತೆ. 1565ರಲ್ಲಿ ಅಳಿಯ ರಾಮರಾಯ ಸೋತ. ಯಾಕೆ ಸೋತ ಅಂತ ಕೇಳಿದರೆ ಫಿರಂಗಿ, ಕುದುರೆ, ಸುಲ್ತಾನರ ಒಕ್ಕೂಟ, ದ್ರೋಹ ಅಂತ ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. 54 ವರ್ಷ ಆಳಿದ ಹೆಂಗಸು ಸೋತರೆ ಮಾತ್ರ, ಯಾರನ್ನೋ ಮೆಚ್ಚಿದ್ದಳಂತೆ ಅಂತ ಒಂದೇ ವಾಕ್ಯ. ಇದು ನ್ಯಾಯವಾ?

ಇನ್ನು ಸುರಂಗ ಮತ್ತು ನಿಧಿ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹತ್ತಿರ ಮಿರ್ಜಾನ್ ಕೋಟೆ ಇದೆಯಲ್ಲ, ಅದನ್ನ ಜನ ಚೆನ್ನಭೈರಾದೇವಿಯ ಕೋಟೆ ಅಂತಲೇ ಕರೀತಾರೆ. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ನೆಲದಡಿಯ ದಾರಿಗಳು. ಮಳೆಗಾಲದಲ್ಲಿ ಗೋಡೆಯ ಮೇಲೆಲ್ಲ ಹಸಿರು ಹಾವಸೆ. ರೀಲ್ಸ್ ಮಾಡೋಕೆ ಹೇಳಿ ಮಾಡಿಸಿದ ಜಾಗ. ಪುರಾತತ್ವ ಇಲಾಖೆ 2000-01ರಲ್ಲಿ ಅಲ್ಲಿ ಅಗೆದಾಗ ಸಿಕ್ಕಿದ್ದರಲ್ಲಿ ಫಿರಂಗಿ ಗುಂಡುಗಳಿದ್ವು, ಚೀನಾದ ಪಿಂಗಾಣಿಯ ಚೂರುಗಳಿದ್ವು. ನನ್ನ ಪ್ರಕಾರ ಯಾವ ಸುರಂಗಕ್ಕಿಂತಲೂ ದೊಡ್ಡ ಕಥೆ ಆ ಪಿಂಗಾಣಿ ಚೂರುಗಳದು. ಕುಮಟಾದ ಒಂದು ನದಿ ದಡಕ್ಕೆ ಚೀನಾದ ತಟ್ಟೆ ಬಂದಿತ್ತು ಅಂದ್ರೆ ಈ ಕರಾವಳಿಯ ವ್ಯಾಪಾರ ಎಲ್ಲಿಯವರೆಗೆ ಕೈ ಚಾಚಿತ್ತು ಯೋಚನೆ ಮಾಡಿ.

ಆದರೆ ನಿಧಿಗಳ್ಳರು ಹಾಗೆ ಯೋಚಿಸಲ್ಲ. ಶರಾವತಿ ಕಣಿವೆಯ ಕಾಡಿನಲ್ಲಿರೋ ಕಾನೂರು ಕೋಟೆಯಲ್ಲಿ ರಾಣಿಯ ಚಿನ್ನಕ್ಕಾಗಿ ಅಗೆದ ಗುಂಡಿಗಳಿವೆ. ಕಲ್ಲು ಕಿತ್ತು, ಗೋಡೆ ಒಡೆದು ಹುಡುಕಿದ್ದಾರೆ. ಅವರಿಗೆ ನಾನು ಹೇಳೋದು ಇಷ್ಟೇ. ಮೆಣಸಿನ ರಾಣಿಯ ಐಶ್ವರ್ಯ ಕೊಪ್ಪರಿಗೆಯಲ್ಲಿ ತುಂಬಿಟ್ಟ ಐಶ್ವರ್ಯ ಅಲ್ಲ. ಬಳ್ಳಿಯಿಂದ ಎತ್ತಿಗೆ, ಎತ್ತಿನಿಂದ ದೋಣಿಗೆ, ದೋಣಿಯಿಂದ ಹಡಗಿಗೆ, ಹಾಗೆ ಹರಿಯುತ್ತಾ ಇದ್ದ ಐಶ್ವರ್ಯ ಅದು. ಸುಂಕ ಬಂತು, ಸೈನ್ಯಕ್ಕೆ ಹೋಯ್ತು, ಬಸದಿಗೆ ದತ್ತಿ ಹೋಯ್ತು. ಹರಿವು ನಿಂತ ದಿನ ಅದೂ ನಿಂತಿತು. ಅದನ್ನ ಹೂತಿಡೋಕಾಗಲ್ಲ, ಅಗೆದು ತೆಗೆಯೋಕೂ ಆಗಲ್ಲ. ನೀವು ಒಡೀತಿರೋ ಆ ಕಲ್ಲೇ ಉಳಿದಿರೋ ಕೊನೆಯ ಆಸ್ತಿ.

ವೀಕ್ಷಕರೇ, ಕೆಲವು ವಿಷಯಗಳು ನಿಜವಾಗಿಯೂ ನಿಗೂಢ. ರೋನೋಕ್‌ನ ಆ ಮಗು ಏನಾಯ್ತು ಅಂತ ಇವತ್ತಿಗೂ ಖಚಿತ ಉತ್ತರ ಇಲ್ಲ. ಆದರೆ ಉತ್ತರ ಇರೋ ಕಡೆಯೂ ನಿಗೂಢ ಅನ್ನೋ ಹಣೆಪಟ್ಟಿ ಹಚ್ಚಿದರೆ ಏನಾಗುತ್ತೆ? ಕೆಡವಿದವರು ಯಾರು ಅಂತ ಕೇಳೋದು ಬಿಟ್ಟುಹೋಗುತ್ತೆ. ಕರೆದಾಗ ಬಾರದವರು ಯಾರು ಅನ್ನೋದು ಬಿಟ್ಟುಹೋಗುತ್ತೆ. 54 ವರ್ಷ ಆ ಊರನ್ನ ಕಾಪಾಡಿದವಳ ಹೆಸರೂ ಬಿಟ್ಟುಹೋಗುತ್ತೆ. ಉಳಿಯೋದು ಬರೀ ದೆವ್ವ, ಸುರಂಗ, ಚಿನ್ನ.

ಮುಂದಿನ ಸಲ ಜೋಗಕ್ಕೆ ಹೋಗುವಾಗ ಗೇರುಸೊಪ್ಪೆಯಲ್ಲಿ ಒಂದು ಗಂಟೆ ನಿಲ್ಲಿಸಿ. ಅಂದ ಹಾಗೆ ಬ್ರಿಟಿಷರು ಜೋಗವನ್ನೇ ಗೇರುಸೊಪ್ಪೆ ಜಲಪಾತ ಅಂತ ಕರೀತಿದ್ದರು, ಅಷ್ಟು ದೊಡ್ಡ ಹೆಸರು ಆ ಊರಿನದು. ಬಸದಿಯ ನಾಲ್ಕು ಬಾಗಿಲಿನಲ್ಲೂ ಒಮ್ಮೆ ಹಾದು ಬನ್ನಿ. ಕಲ್ಲಿನ ಮೇಲೆ ಹೆಸರು ಗೀಚಬೇಡಿ. ಜೊತೆಗೆ ಮಕ್ಕಳಿದ್ದರೆ, ಇಲ್ಲಿದ್ದ ಊರು ಎಲ್ಲಿ ಹೋಯ್ತು ಅಂತ ಅವರು ಕೇಳೇ ಕೇಳ್ತಾರೆ. ಮಾಯವಾಯ್ತು ಅನ್ನಬೇಡಿ. ಇಲ್ಲಿ ಚೆನ್ನಭೈರಾದೇವಿ ಅಂತ ಒಬ್ಬಳು ರಾಣಿ ಇದ್ದಳು ಅಂತ ಶುರು ಮಾಡಿ.